ಪಂಜರಕ್ಕೆ ಕಟ್ಟಿದ ತೆನೆ

ನನ್ನ ಅಂಗಡಿಯಲ್ಲಿ ಬೆಕ್ಕು ಸಾಕುವ ಹಾಗಿರಲಿಲ್ಲ, ಇಲಿಪಾಷಾಣ ಇಡುವ ಹಾಗೂ ಇರಲಿಲ್ಲ. ಉಡುಪಿ ಪೇಟೆಯ ಉಳಿದ ಅಂಗಡಿಯವರು ಇಲಿ ಬಂದರೆ ಏನೇನು ಮಾಡುತ್ತಿದ್ದರೋ ಅದರಲ್ಲಿ ಹೆಚ್ಚಿನದನ್ನು ನಾನು ಮಾಡುವಂತಿರಲಿಲ್ಲ. ಏಕೆಂದರೆ ನಾನು ಮಾರುತ್ತಿದ್ದದ್ದು ಹಕ್ಕಿ. ಜೊತೆಗೆ ನಾಲ್ಕು ಮೊಲ, ಗಾಜಿನ ಟ್ಯಾಂಕಿನಲ್ಲಿ ಒಂದಷ್ಟು ಬಣ್ಣದ ಮೀನು. ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ ಅದು. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಪೆಟ್ ಶಾಪ್ ಎಂದು ದುಂಡಗೆ ಬರೆಸಿದ್ದೆ. ಸ್ಪೆಲ್ಲಿಂಗ್ ಸರಿಯಿದೆಯೇ ಎಂದು ಪೇಂಟರನ ಪಕ್ಕದಲ್ಲೇ ನಿಂತು ನೋಡಿಕೊಂಡಿದ್ದೆ. ಅದನ್ನು ಓದಿದವರು ಎಷ್ಟು ಜನವೋ ಗೊತ್ತಿಲ್ಲ, ಊರಿನವರ ಬಾಯಲ್ಲಿ ಅದು ಹಕ್ಕಿ ಅಂಗಡಿ.

ನಾನು ಕಾರ್ಕಳದ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಬೆಳೆದವಳು. ಅಲ್ಲಿ ಭೇಟಿಗೆ ಬಂದವರು ಕೂರುವ ಪಾರ್ಲರಿನ ಕಿಟಕಿಯಲ್ಲಿ ಒಂದು ಜೋಡಿ ಹಸಿರು ಲವ್‌ಬರ್ಡ್ಸ್ ಇದ್ದವು. ಅವುಗಳ ಪಂಜರ ತೊಳೆಯುವ ಡ್ಯೂಟಿ ಸಿಕ್ಕಿದರೆ ಉಳಿದ ಹುಡುಗಿಯರು ಮುಖ ಸಿಂಡರಿಸುತ್ತಿದ್ದರು, ನಾನು ಮಾತ್ರ ಬೇರೆಯವರ ಸರದಿಯನ್ನೂ ಕೇಳಿ ಪಡೆಯುತ್ತಿದ್ದೆ. ನಮಗೆ ನೇಚರ್ ಸ್ಟಡಿ ಕಲಿಸುತ್ತಿದ್ದ ಸಿಸ್ಟರ್ ಎಲ್ಲರ ಕೈಗೂ ಒಂದೊಂದು ನೋಟ್‌ಬುಕ್ ಕೊಟ್ಟಿದ್ದರು. ಕಂಡದ್ದನ್ನು ಎಡಗಡೆ ಬರೆಯಬೇಕು, ಊಹಿಸಿದ್ದನ್ನು ಬಲಗಡೆ. ಎರಡನ್ನೂ ಕಲಸಿದರೆ ಕೆಂಪು ಇಂಕಿನ ಗೀಟು. ಆ ಅಭ್ಯಾಸ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮನೆಗೆ ಬಂದವರ ಬಗ್ಗೆ ಕೂಡ ಮನಸ್ಸಿನಲ್ಲೇ ಎಡಗಡೆ, ಬಲಗಡೆ ಬರೆಯುತ್ತೇನೆ.

ಮದುವೆಯಾಗಿ ಉಡುಪಿಗೆ ಬಂದ ಮೇಲೆ ನಮ್ಮವರು ಬೆಳಿಗ್ಗೆ ಬಸ್ಸು ಹತ್ತಿ ಮಣಿಪಾಲದ ಬ್ಯಾಂಕಿಗೆ ಹೋದರೆ ಮತ್ತೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನಮಗೆ ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಅತ್ತೆ ಮತ್ತು ನಾನು, ನಮ್ಮಿಬ್ಬರ ನಡುವೆ ಬಹಳ ಮರ್ಯಾದೆಯ ಒಂದು ಮೌನ. ಬೀದಿಯಲ್ಲಿ ಹಂಚಿನ ಮಾಡಿನ ಒಂದು ಕೋಣೆ ಖಾಲಿಯಿದೆ ಎಂದು ತಿಳಿದಾಗ ನಾನು ಹಕ್ಕಿಯ ಮಾತೆತ್ತಿದೆ. ನಮ್ಮವರು ನಕ್ಕರು, ಆಮೇಲೆ ಒಪ್ಪಿದರು. ಅತ್ತೆ ಒಪ್ಪಲಿಲ್ಲ. ಒಂದೇ ಒಂದು ಸಲ ಕೇಳಿದರು: "ರೆಕ್ಕೆ ಇದ್ದದ್ದನ್ನು ಕೂಡಿಹಾಕಿ ದುಡಿದ ಅನ್ನ ಮೈಗೆ ಹತ್ತುತ್ತದಾ ಮಗಾ?" ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರ ದನಿಯ ಮೆದು ಎಲ್ಲೋ ಸೋರಿಹೋಗುತ್ತದೆ. ಅವರು ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಆಮೇಲೆ ಅವರು ಮತ್ತೆ ಆ ಮಾತು ಆಡಲೂ ಇಲ್ಲ, ಅಂಗಡಿಗೆ ಕಾಲಿಡಲೂ ಇಲ್ಲ. ದೇವಸ್ಥಾನಕ್ಕೆ ಹೋಗುವಾಗ ನನ್ನ ಅಂಗಡಿ ಬಂತೆಂದರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯುತ್ತಿದ್ದರು. ನಾನು ಒಳಗಿನಿಂದ ನೋಡುತ್ತಿದ್ದೆ. ಸೆರಗು ಹೊದ್ದ ಸಣ್ಣ ಆಕೃತಿ, ಕೈಯಲ್ಲಿ ಹೂವಿನ ಬುಟ್ಟಿ, ಕಣ್ಣು ನೆಟ್ಟಗೆ ಮುಂದಕ್ಕೆ.

ಪಕ್ಕದ ಅಂಗಡಿ ಒಣಮೀನಿನದ್ದು. ಅದರ ಯಜಮಾನರು ಉಚ್ಚಿಲ ಕಡೆಯ ಬ್ಯಾರಿ ಮುಸಲ್ಮಾನರು, ನಾನು ಸಾಹೇಬ್ರೇ ಎಂದು ಕರೆಯುತ್ತಿದ್ದೆ. ಬಾಯಿ ತೆರೆದರೆ ತಮಾಷೆ. ಮೊದಲ ತಿಂಗಳಲ್ಲೇ ನನ್ನ ಅಂಗಡಿಗೆ ಇಲಿ ಬಂದಾಗ ಬಾಗಿಲಲ್ಲಿ ನಿಂತು ಹೇಳಿದರು:

"ಎಂತ ಅಕ್ಕ, ಹಕ್ಕಿ ಅಂಗಡಿಯಲ್ಲಿ ಇಲಿಯೂ ಮಾರಲಿಕ್ಕೆ ಉಂಟಂತೆ ಅಲ್ವಾ?"

"ಮಾರಲಿಕ್ಕೆ ಇಲ್ಲ ಸಾಹೇಬ್ರೇ, ನಿಮ್ಮಲ್ಲಿಂದ ಬಂದದ್ದು. ವಾಪಸ್ ಕೊಡ್ತೇನೆ, ತೆಗೊಳ್ಳಿ."

"ನಮ್ಮ ಇಲಿಗೆ ಬಂಗುಡೆ ಉಂಟು, ನಿಮ್ಮ ಹುಲ್ಲಿನ ಬೀಜ ಯಾರಿಗೆ ಬೇಕು ಮಾರಾಯ್ರೆ! ಬೇಕಾದರೆ ನನ್ನ ಬೆಕ್ಕು ಕೊಡ್ತೇನೆ, ಒಂದು ವಾರದಲ್ಲಿ ಇಲಿಯೂ ಖಾಲಿ, ಅಂಗಡಿಯೂ ಖಾಲಿ."

ಅವರು ನಗುತ್ತಿದ್ದರು, ನನಗೆ ಅಳು. ಹಕ್ಕಿಗೆ ಹಾಕುವ ನವಣೆ ಘಟ್ಟದ ಮೇಲಿನಿಂದ ಚೀಲದಲ್ಲಿ ಬರುತ್ತಿತ್ತು. ಚೀಲದ ಮೂಲೆಗಳೆಲ್ಲ ತೂತು. ಬೆಳಿಗ್ಗೆ ಹಲಗೆ ತೆಗೆದು ಒಳಗೆ ಬಂದರೆ ನೆಲದ ತುಂಬ ಕಪ್ಪು ಹಿಕ್ಕೆ, ಇಲಿಯುಚ್ಚೆಯ ವಾಸನೆ, ಪಂಜರದ ಮೂಲೆಗೆ ಮುದುಡಿ ಕೂತ ಹಕ್ಕಿಗಳು. ಇಲಿ ಕಚ್ಚದಿದ್ದರೂ ಕತ್ತಲಲ್ಲಿ ಅದು ಓಡಾಡಿದ ಸದ್ದಿಗೇ ಹಕ್ಕಿಗಳು ಬೆದರಿ ತಂತಿಗೆ ಬಡಿದುಕೊಳ್ಳುತ್ತವೆ. ಹಾಗೆ ಎರಡು ಸತ್ತವು. ಮರದ ಬೋನಿಗೆ ಸುಟ್ಟ ತೆಂಗಿನಕಾಯಿ ಚೂರು ಸಿಕ್ಕಿಸಿ ಇಟ್ಟೆ. ಮೊದಲ ದಿನ ಒಂದು ಬಿತ್ತು. ಆಮೇಲೆ ಉಳಿದವು ಬೋನಿನ ಸುತ್ತ ನಡೆದು ಹೋದವು, ಅಷ್ಟೆ. ವೆರಿ ಇಂಟೆಲಿಜೆಂಟ್ ಕ್ರೀಚರ್ಸ್, ಒಪ್ಪಿಕೊಳ್ಳಬೇಕು.

ಕಡೆಗೆ ಉಪಾಯ ಹೇಳಿದ್ದು ನಮ್ಮವರು. ಅಡಿಗೆಮನೆಯ ಕಪಾಟಿಗೆ ಇರುವೆ ಹತ್ತದ ಹಾಗೆ ಕಾಲಿನ ಅಡಿಗೆ ನೀರಿನ ಬಟ್ಟಲು ಇಡುತ್ತೇವಲ್ಲ, ಅದನ್ನೇ ದೊಡ್ಡದು ಮಾಡಿದರೆ ಹೇಗೆ ಎಂದರು. ಕಬ್ಬಿಣದ ಒಂದು ಸ್ಟ್ಯಾಂಡ್ ಮಾಡಿಸಿ ಪಂಜರಗಳನ್ನೆಲ್ಲ ಅದರ ಮೇಲೆ ಏರಿಸಿದೆವು. ಗೋಡೆಯಿಂದ ಎರಡು ಮೊಳ ದೂರ, ಮಾಡಿನಿಂದ ಇನ್ನೂ ದೂರ. ನಾಲ್ಕು ಕಾಲಿಗೂ ನೀರಿನ ಡಬ್ಬ, ಅದರ ಮೇಲೆ ಎಣ್ಣೆ ಡಬ್ಬದ ತಗಡನ್ನು ಲಾಳಿಕೆಯ ಹಾಗೆ ಬಗ್ಗಿಸಿ ತಲೆಕೆಳಗಾಗಿ ತೊಡಿಸಿದ ಟೋಪಿ. ಇಲಿ ಹತ್ತಿದರೆ ಟೋಪಿಯ ಒಳಗೆ ತಲೆ ತಾಗಿ ವಾಪಸು. ತಂತಿಬಲೆಯ ಕಣ್ಣು ಕಿರುಬೆರಳು ಹೋಗದಷ್ಟು ಸಣ್ಣದು. ಪಂಜರಗಳ ಮುಂದಿನ ಬಾಗಿಲು ಮಾತ್ರ ಹಳೆಯದು, ತಳ್ಳಿದರೆ ಮೇಲಕ್ಕೆ ಸರಿಯುವಂಥದು. ನವಣೆ ಚೀಲದಿಂದ ದೊಡ್ಡ ಬಿಸ್ಕತ್ತು ಡಬ್ಬಕ್ಕೆ ಬಂತು. ಸಂಜೆ ಅಂಗಡಿ ಮುಚ್ಚುವ ಮೊದಲು ಬಿದ್ದ ಕಾಳನ್ನೆಲ್ಲ ಗುಡಿಸಿ ತೆಗೆಯುವುದು ನನ್ನ ಕೆಲಸ. ಜೂನ್ ಬಂತು, ಮಳೆ ಹೊಡೆಯಿತು, ಬೀದಿಯ ಇಲಿಗಳೆಲ್ಲ ಒಣ ಜಾಗ ಹುಡುಕಿ ಒಳಗೆ ಬಂದವು. ನನ್ನ ಒಂದು ಹಕ್ಕಿಯೂ ಹೋಗಲಿಲ್ಲ. ಸಾಹೇಬ್ರು ಬಂದು ಸ್ಟ್ಯಾಂಡಿನ ಸುತ್ತ ಒಂದು ಸುತ್ತು ಹಾಕಿ, "ಇದಕ್ಕೆ ಲೈಸೆನ್ಸ್ ಬೇಕಾದೀತು ಅಕ್ಕ, ರಾಕೆಟಿನ ಹಾಗೆ ಉಂಟು" ಎಂದರು.

ಆ ಮಳೆಗಾಲ ಮುಗಿಯುವಾಗ ಮೇಲಿನ ಪಂಜರದ ಒಂದು ಜೋಡಿ ಮಣ್ಣಿನ ಕುಡಿಕೆಯೊಳಗೆ ಮೊಟ್ಟೆಯಿಟ್ಟಿತು. ಅಲ್ಲಿಯವರೆಗೆ ನಾನು ಹೊರಗಿನಿಂದ ತಂದ ಹಕ್ಕಿಗಳನ್ನೇ ಮಾರಿದವಳು. ಇವು ನನ್ನ ಅಂಗಡಿಯಲ್ಲೇ ಹುಟ್ಟಲಿದ್ದವು. ತಾಯಿಹಕ್ಕಿಗೆ ಸುಣ್ಣದ ಅಂಶ ಬೇಕೆಂದು ಭಾನುವಾರ ನಾವಿಬ್ಬರೂ ಕಾಪುವಿನ ಕಡಲತೀರಕ್ಕೆ ಹೋಗಿ, ಅಲೆ ತಂದೆಸೆದ ಬೊಂಡಾಸ ಎಂಬ ಕಡಲಜೀವಿಯ ಬಿಳಿ ಬೆನ್ನುಚಿಪ್ಪುಗಳನ್ನು ಹೆಕ್ಕಿ ತಂದು ಪಂಜರಕ್ಕೆ ಸಿಕ್ಕಿಸಿದೆವು. ಐದು ಮೊಟ್ಟೆಯಲ್ಲಿ ನಾಲ್ಕು ಒಡೆದವು. ಹುಟ್ಟಿದಾಗ ಎಂಥ ಕುರೂಪ! ಬೆತ್ತಲೆ ಮೈ, ಮುಚ್ಚಿದ ಕಣ್ಣು, ಬೆರಳ ತುದಿಯಷ್ಟು ಜೀವ. ಮನೆಯಲ್ಲಿ ಊಟದ ಹೊತ್ತಿಗೆ ನಾನು ಅವುಗಳ ಬಗ್ಗೆಯೇ ಮಾತಾಡುತ್ತಿದ್ದೆ. ಅತ್ತೆ ತಲೆ ಎತ್ತದೆ ಬಡಿಸುತ್ತಿದ್ದರು. ಒಂದು ದಿನ ಮಜ್ಜಿಗೆ ಬಡಿಸುತ್ತಾ ಕೇಳಿದರು:

"ತಾಯಿ ಗುಟುಕು ಕೊಡ್ತದಾ?"

"ಹೌದು ಅತ್ತೆ. ತಂದೆಯೂ ಕೊಡ್ತದೆ."

"ತಂದೆಯೂ ಕೊಡ್ತದಾ!" ಎಂದು ಮಗನ ಕಡೆ ನೋಡಿದರು. ನಮ್ಮವರು ಅನ್ನ ಕಲಸುವುದರಲ್ಲಿ ಬಹಳ ಮಗ್ನರಾದರು.

ಅದಾದ ಒಂದು ವಾರಕ್ಕೆ ತೆನೆ ಕಟ್ಟುವ ದಿನ ಬಂತು. ನಮ್ಮ ಕಡೆ ನವರಾತ್ರಿಯ ಹೊತ್ತಿಗೆ ಹೊಸ ಭತ್ತದ ತೆನೆಯನ್ನು ಮನೆಗೆ ತರುತ್ತಾರೆ. ತುಳುವಿನಲ್ಲಿ ಕುರಲ್. ಮಾವಿನ ಎಲೆ, ಹಲಸಿನ ಎಲೆಯೊಳಗೆ ತೆನೆಯಿಟ್ಟು ನಾರಿನಿಂದ ಸುತ್ತಿ ಬಾಗಿಲಿಗೆ, ಬಾವಿಗೆ, ತೊಟ್ಟಿಲಿಗೆ, ದನದ ಹಟ್ಟಿಗೆ, ಪೆಟ್ಟಿಗೆಗೆ ಕಟ್ಟುತ್ತಾರೆ. ಕಟ್ಟುವಾಗ ಪೊಲಿ, ಪೊಲಿ ಎನ್ನುತ್ತಾರೆ, ಹೆಚ್ಚಲಿ, ಹೆಚ್ಚಲಿ ಎಂದು. ಕಟ್ಟಿದ್ದನ್ನು ಮರುವರ್ಷ ಹೊಸತು ಬರುವವರೆಗೆ ಬಿಚ್ಚುವಂತಿಲ್ಲ. ನಮ್ಮ ಮನೆಯ ತೆನೆ ಬರುತ್ತಿದ್ದದ್ದು ಎಲ್ಲೂರಿನಲ್ಲಿದ್ದ ಅತ್ತೆಯ ತವರಿನ ಗದ್ದೆಯಿಂದ. ಆ ಬೆಳಿಗ್ಗೆ ನಾನು ಅಂಗಡಿಯಲ್ಲಿ ಮೊಲಕ್ಕೆ ಹುಲ್ಲು ಹಾಕುತ್ತಿದ್ದೆ. ರಸ್ತೆಯ ಆಚೆ ಬದಿಯಲ್ಲಿ ಅತ್ತೆ ಬರುತ್ತಿದ್ದದ್ದು ಕಾಣಿಸಿತು. ಹೂವಿನ ಬುಟ್ಟಿಯ ಬದಲು ಕೈಯಲ್ಲಿ ಹಸಿರು ಕಟ್ಟು. ಅವರು ನಿಂತರು. ಎಡಕ್ಕೆ, ಬಲಕ್ಕೆ ನೋಡಿದರು. ರಸ್ತೆ ದಾಟಿ ಈಚೆ ಬಂದರು.

ಒಳಗೆ ಬಂದವರು ಪಂಜರಗಳನ್ನೆಲ್ಲ ಒಮ್ಮೆ ನೋಡಿ, "ಸ್ಟೂಲ್ ಕೊಡು" ಎಂದರು. ನಾನು ಹಿಡಿದುಕೊಂಡೆ, ಅವರು ಹತ್ತಿದರು. ದೊಡ್ಡ ತೆನೆಕಟ್ಟನ್ನು ಮಾಡಿನ ಅಡ್ಡದ ತೊಲೆಗೆ ಕಟ್ಟಿದರು, ಮನೆಯಲ್ಲಿ ಕಟ್ಟುವ ಹಾಗೆಯೇ. ಪ್ರತಿ ಪಂಜರಕ್ಕೂ ಒಂದೊಂದು ಕಟ್ಟಬೇಕೆಂದಿದ್ದರು, ಅಷ್ಟು ತುಂಡು ನಾರು ತಂದಿರಲಿಲ್ಲ. ಹಾಗಾಗಿ ಅಡ್ಡಕ್ಕೆ ಕಟ್ಟಿದ ಉದ್ದ ನಾರನ್ನೇ ಕೆಳಗೆ ಇಳಿಸಿ, ಮೇಲಿನ ಪಂಜರದ ಕೊಂಡಿಗೆ ಸುತ್ತಿ, ಅಲ್ಲಿಂದ ಪಕ್ಕದ್ದಕ್ಕೆ, ಅಲ್ಲಿಂದ ಕೆಳಗಿನದಕ್ಕೆ, ನಡುನಡುವೆ ಒಂದೊಂದು ತೆನೆ ಸಿಕ್ಕಿಸುತ್ತಾ ಹೋದರು. ಪೊಲಿ, ಪೊಲಿ ಎಂದು ಮೆಲ್ಲಗೆ ಹೇಳುತ್ತಿದ್ದರು. ಇಳಿದು ಕುಡಿಕೆಯ ತೂತಿನಲ್ಲಿ ಒಂದು ಕಣ್ಣು ಇಟ್ಟು ನೋಡಿದರು. "ನಾಲ್ಕು ಉಂಟು" ಎಂದರು, ನಾನು ಹೇಳಿಯೇ ಇರದ ಹಾಗೆ.

ನಾನು ಆ ನಾರು ನೋಡಲಿಲ್ಲ ಎಂದಲ್ಲ. ನೋಡಿದೆ. ಆದರೆ ನನಗೆ ಕಂಡದ್ದು ನಾರಲ್ಲ. ಒಂದೂವರೆ ವರ್ಷ ರಸ್ತೆಯ ಆಚೆ ನಡೆದವರು ಈಚೆಗೆ ಬಂದು ನನ್ನ ಅಂಗಡಿಯನ್ನು ಮನೆಯ ಹಟ್ಟಿ, ಬಾವಿ, ತೊಟ್ಟಿಲಿನ ಸಾಲಿಗೆ ಸೇರಿಸಿದ್ದರು. ಎಡಗಡೆ ಬರೆಯಬೇಕಾದದ್ದನ್ನು ನಾನು ಬಲಗಡೆ ಬರೆದೆ.

ಮೂರನೆಯ ಬೆಳಿಗ್ಗೆ ಕುಡಿಕೆಯಲ್ಲಿ ಮರಿಗಳು ಮೂರು. ಮೇಲಿನ ಪಂಜರದ ಬಾಗಿಲು ಒಂದು ಬೆರಳಿನಷ್ಟು ಮೇಲೆ ಸರಿದಿತ್ತು. ತಾಯಿಹಕ್ಕಿ ಕೊಂಬೆಯ ತುದಿಯಲ್ಲಿ ರೆಕ್ಕೆ ಬಿಟ್ಟುಕೊಂಡು ಕೂತಿತ್ತು. ನಾನು ಮೊದಲು ದೂರಿದ್ದು ಪಕ್ಕದ ಅಂಗಡಿಯನ್ನೇ.

"ಸಾಹೇಬ್ರೇ, ನಿಮ್ಮ ಮೀನಿನ ಮೂಟೆ ನನ್ನ ಗೋಡೆಗೆ ಒತ್ತಿ ಇಟ್ಟಿದ್ದೀರಿ. ಅದರಿಂದಲೇ ಆದದ್ದು."

ಅವರು ಆ ದಿನ ತಮಾಷೆ ಮಾಡಲಿಲ್ಲ. ಮೂಟೆಗಳನ್ನು ಆಚೆ ಗೋಡೆಗೆ ಸರಿಸಿಕೊಟ್ಟರು. "ಮರಿ ಹೋಯ್ತಾ ಅಕ್ಕ? ಛೆ" ಎಂದರು. ನನಗೆ ಈಗ ನೆನೆದರೂ ನಾಚಿಕೆ.

ಸಂಜೆ ನೆಲಕ್ಕೆಲ್ಲ ಅಕ್ಕಿಹಿಟ್ಟನ್ನು ತೆಳ್ಳಗೆ ಉದುರಿಸಿ ಹೋದೆ. ಯಾವ ದಾರಿಯಲ್ಲಿ ಬರುತ್ತವೆ ಎಂದು ಹೆಜ್ಜೆ ನೋಡಿ ಕಂಡುಕೊಳ್ಳಲು. ಬೆಳಿಗ್ಗೆ ನೆಲದ ಹಿಟ್ಟು ಹಾಗೇ ಇತ್ತು, ಸ್ಟ್ಯಾಂಡಿನ ಕಾಲುಗಳ ಬಳಿ ಒಂದು ಗೀರೂ ಇಲ್ಲ. ಆದರೆ ಮೇಲಿನ ಪಂಜರದ ತಟ್ಟೆಯಲ್ಲಿ ಭತ್ತದ ಹೊಟ್ಟು ಬಿದ್ದಿತ್ತು. ನಾನು ಹಕ್ಕಿಗಳಿಗೆ ಭತ್ತ ಹಾಕುವುದೇ ಇಲ್ಲ. ನೋಟ್‌ಬುಕ್ಕಿನ ಎಡಗಡೆ ಬರೆದೆ: ಭತ್ತದ ಹೊಟ್ಟು, ಒಂದು ಹಿಡಿ. ಬರೆದು ತಲೆ ಎತ್ತಿ ನೋಡಿದೆ. ಅಡ್ಡಕ್ಕೆ ಕಟ್ಟಿದ ದೊಡ್ಡ ತೆನೆಕಟ್ಟಿನ ಅರ್ಧದಲ್ಲಿ ಕಾಳೇ ಇರಲಿಲ್ಲ, ಬರೀ ಕಡ್ಡಿ. ಅಲ್ಲಿಂದ ಪಂಜರದವರೆಗೆ ಇಳಿದ ನಾರಿನ ಮೇಲೆ ಇಲಿಯ ಉಗುರು ತಾಗಿ ಸಣ್ಣ ಸಣ್ಣ ಜುಂಗು ಎದ್ದಿತ್ತು. ಹಂಚಿನ ಸಂದಿಯಿಂದ ಅಡ್ಡಕ್ಕೆ, ಅಡ್ಡದಿಂದ ತೆನೆಗೆ, ತೆನೆಯಿಂದ ನಾರಿಗೆ, ನಾರಿನಿಂದ ನನ್ನ ಮರಿಗಳಿಗೆ. ನೀರಿನ ಡಬ್ಬ, ತಗಡಿನ ಟೋಪಿ ಎಲ್ಲ ಕೆಳಗೇ ಉಳಿದವು.

ಬಿಚ್ಚಿ ಎಸೆದರೆ ಮುಗಿಯಿತು. ಎರಡು ನಿಮಿಷದ ಕೆಲಸ. ನಾನು ಸ್ಟೂಲ್ ಹತ್ತಿದೆ, ನಾರಿಗೆ ಕೈ ಹಾಕಿದೆ, ಇಳಿದೆ. ಅತ್ತೆ ಈಗ ದಿನವೂ ದೇವಸ್ಥಾನದಿಂದ ಬರುವಾಗ ಅಂಗಡಿಗೆ ಬಂದು ಹತ್ತು ನಿಮಿಷ ಕೂರುತ್ತಿದ್ದರು. ತೆನೆ ಕಾಣದಿದ್ದರೆ ಏನೆಂದು ಹೇಳುವುದು? ನೀವು ಕಟ್ಟಿದ್ದರಿಂದ ಮರಿ ಸತ್ತಿತು ಎಂದೇ? ಇವತ್ತು ಬೇಡ, ನಾಳೆ ಹೇಳಿದರಾಯಿತು ಎಂದುಕೊಂಡೆ. ಬಾಗಿಲಿಗೆ ತಂತಿ ಬಿಗಿದೆ, ಅದು ಸಾಕು ಎಂದು ನನಗೆ ನಾನೇ ಸಮಾಧಾನ ಹೇಳಿದೆ. ಮರುದಿನ ತಂತಿ ಹಾಗೇ ಇತ್ತು, ಪಂಜರದ ಮೇಲಿನ ಮರದ ಪಟ್ಟಿ ಕಡಿದಿತ್ತು. ಮರಿಗಳು ಎರಡು. ಕಾನ್ವೆಂಟಿನಲ್ಲಿ ಪಾಪ ಒಪ್ಪಿಕೊಳ್ಳಲು ಕನ್ಫೆಷನ್ನಿಗೆ ಹೋಗುವ ಹುಡುಗಿಯರನ್ನು ಕಂಡು ನಾವು ಹಿಂದೂ ಹುಡುಗಿಯರು ನಗುತ್ತಿದ್ದೆವು. ಆ ಬೆಳಿಗ್ಗೆ ನನಗೂ ಮಂಡಿಯೂರಲು ಒಂದು ಜಾಗ ಬೇಕಿತ್ತು. ಮೊದಲನೆಯದು ಇಲಿ ಕೊಂಡುಹೋದದ್ದು. ಎರಡನೆಯದನ್ನು ನಾನು ಕೊಟ್ಟದ್ದು.

ನಮ್ಮವರಿಗೆ ಹೇಳಿದಾಗ ಅವರು ಬ್ಯಾಂಕಿನವರ ಹಾಗೆ ಯೋಚಿಸಿದರು. "ಸಂಜೆ ಬಿಚ್ಚು, ಬೆಳಿಗ್ಗೆ ಅಮ್ಮ ಬರುವ ಮೊದಲು ಪುನಃ ಕಟ್ಟು. ಅಮ್ಮನಿಗೂ ಬೇಸರ ಇಲ್ಲ, ಮರಿಗೂ ತೊಂದರೆ ಇಲ್ಲ."

"ಮೋಸ ಅಲ್ವಾ?"

"ಮೋಸ ಎಂತದ್ದು ಮಾರಾಯ್ತಿ, ಅಡ್ಜಸ್ಟ್‌ಮೆಂಟ್."

ಅಡ್ಜಸ್ಟ್‌ಮೆಂಟ್ ನಡೆಯಿತು. ಪಟ್ಟಿಗೆ ತಗಡು ಹೊಡೆಸಿದೆ. ಸಂಜೆ ಸ್ಟೂಲ್ ಹತ್ತಿ ನಾರು, ತೆನೆ ಎಲ್ಲ ಬಿಚ್ಚಿ ಬಿಸ್ಕತ್ತು ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕುವುದು. ಬೆಳಿಗ್ಗೆ ತೆಗೆದು ಮೊದಲಿನ ಹಾಗೇ ಕಟ್ಟುವುದು. ಎರಡು ಬೆಳಿಗ್ಗೆ ಎರಡೂ ಮರಿ ಕ್ಷೇಮ. ಮೂರನೆಯ ಬೆಳಿಗ್ಗೆ ಅತ್ತೆ ಬಂದು ಕೂತರು. ಹೂವಿನ ಬುಟ್ಟಿ ಪಕ್ಕಕ್ಕಿಟ್ಟರು. ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು.

"ಇದು ನನ್ನ ಕಟ್ಟು ಅಲ್ಲ."

ನಾನು ಮೊಲದ ಹುಲ್ಲನ್ನು ಸರಿಮಾಡತೊಡಗಿದೆ.

"ನಾವು ಗದ್ದೆಯಲ್ಲಿ ಪೈರಿನ ಸೂಡಿ ಕಟ್ಟುವವರು. ನಾರನ್ನು ತಿರುಚಿ ಒಳಗೆ ಸಿಕ್ಕಿಸುವುದು, ಗಂಟು ಹಾಕುವ ಕ್ರಮ ಇಲ್ಲ. ಇದು ನೋಡು, ಎರಡು ಕಿವಿ ಬಿಟ್ಟಿದ್ದಾರೆ. ಶಾಲೆಗೆ ಹೋಗುವ ಹುಡುಗಿಯ ಜಡೆಯ ಹಾಗೆ."

ಹೌದು. ಬೋರ್ಡಿಂಗಿನಲ್ಲಿ ಪ್ರತಿ ಬೆಳಿಗ್ಗೆ ಸಣ್ಣ ಹುಡುಗಿಯರ ಜಡೆಗೆ ನಾನು ಕಟ್ಟುತ್ತಿದ್ದ ರಿಬ್ಬನ್ ಬೋ. ಕೈಗೆ ಬರುತ್ತಿದ್ದದ್ದು ಅದೊಂದೇ ಗಂಟು. ಪವಿತ್ರವಾದ ತೆನೆಯನ್ನು ನಾನು ಕಾನ್ವೆಂಟಿನ ಬೋ ಹಾಕಿ ತೂಗುಹಾಕಿದ್ದೆ, ಎರಡು ಕಡೆ ಸಮನಾಗಿ, ನೀಟಾಗಿ.

ಹೇಳಿಬಿಟ್ಟೆ. ಹೊಟ್ಟು, ನಾರು, ಉಗುರಿನ ಗುರುತು, ಎರಡು ಮರಿ, ಎಲ್ಲ. ಎರಡನೆಯ ಮರಿ ಹೋದದ್ದು ನಾನು ತಡಮಾಡಿದ್ದರಿಂದ ಎಂದೂ ಹೇಳಿದೆ. ಅತ್ತೆ ಎದ್ದು ಹೋಗಿ ಕುಡಿಕೆಯಲ್ಲಿ ಕಣ್ಣಿಟ್ಟು ನೋಡಿದರು. ತಿರುಗಿ ನಿಂತಾಗ ಅವರ ಕಣ್ಣು ಒದ್ದೆಯಾಗಿತ್ತು.

"ಹೇಳಬಾರದಿತ್ತಾ ಮಗಾ?"

"ನೀವು ಪುನಃ ಆಚೆ ಬದಿಯಲ್ಲಿ ಹೋಗ್ತೀರಿ ಅಂತ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹಕ್ಕಿಯನ್ನು ಕೂಡಿಹಾಕುವುದು ನನಗೆ ಈಗಲೂ ಆಗುವುದಿಲ್ಲ. ಅದು ಬೇರೆ ಮಾತು. ಇವು ಇಲ್ಲಿ ಹುಟ್ಟಿದವು. ತೊಟ್ಟಿಲಿನಲ್ಲಿ ಮಗು ಇದ್ದಾಗ ತೆನೆ ಕಟ್ಟುವುದು ಮಗುವಿಗೆ ಒಳ್ಳೆಯದಾಗಲಿ ಅಂತ. ಮಗುವಿಗಿಂತ ತೆನೆ ದೊಡ್ಡದು ಅಂತ ನಿನಗೆ ಯಾರು ಹೇಳಿದ್ದು? ನಿನ್ನ ಮದರ್ ಹೇಳಿದ್ದಾ?"

ಮದರ್ ಎಂದದ್ದು ನನ್ನ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಸುಪೀರಿಯರ್ ಬಗ್ಗೆ. ಅಳುವಿನ ನಡುವೆ ನನಗೆ ನಗು ಬಂತು.

"ಸ್ಟೂಲ್ ಹಿಡಿ" ಎಂದರು. ತಾವೇ ಹತ್ತಿ, ನನ್ನ ಬೋಗಳನ್ನು ಒಂದೊಂದಾಗಿ ಎಳೆದರು. ಎಳೆದ ಕೂಡಲೇ ಬಿಚ್ಚಿಕೊಂಡವು. "ಅರೆ" ಎಂದು ಒಮ್ಮೆ ನಿಂತು ನೋಡಿದರು. ತೆನೆಯನ್ನೆಲ್ಲ ಇಳಿಸಿ ಒಂದೇ ಕಟ್ಟು ಮಾಡಿದರು. ಎಲ್ಲಿಡುವುದು ಎಂದು ಅಂಗಡಿಯ ಸುತ್ತ ಕಣ್ಣಾಡಿಸಿದರು. ನಾನು ಬಿಸ್ಕತ್ತು ಡಬ್ಬ ತೋರಿಸಿದೆ, ಮೂರು ಇರುಳು ಅಲ್ಲೇ ಇಟ್ಟದ್ದನ್ನೂ ಹೇಳಿದೆ. ಅವರು ಮುಚ್ಚಳ ತೆಗೆದು ನವಣೆಯೊಳಗೆ ಕೈ ಆಡಿಸಿ, ಮೂಸಿ ನೋಡಿ, ತೆನೆಕಟ್ಟನ್ನು ಅದರ ನಡುವೆ ಮಲಗಿಸಿದರು. "ಕಾಳಿನ ಜೊತೆ ಕಾಳು ಇರಲಿ. ಕಣಜಕ್ಕೂ ಕಟ್ಟುತ್ತೇವಲ್ಲ" ಎಂದು ಪೊಲಿ, ಪೊಲಿ ಹೇಳಿ ಮುಚ್ಚಳ ಒತ್ತಿದರು.

ಆ ದಿನವೇ ನಾನು ಪಕ್ಕದ ಅಂಗಡಿಗೆ ಹೋಗಿ ಸಾಹೇಬ್ರ ಹತ್ತಿರ ತಪ್ಪಾಯಿತು ಎಂದೆ. ಅವರು ಮೂಟೆಗಳ ಕಡೆ ಕೈ ತೋರಿಸಿ, "ಇರಲಿ ಅಕ್ಕ, ಈ ಗೋಡೆ ಒಳ್ಳೆಯದುಂಟು, ಇಲ್ಲಿ ಸೋರುವುದಿಲ್ಲ" ಎಂದರು. ಆಮೇಲೆ ತಮಾಷೆ ಪುನಃ ಶುರುವಾಯಿತು.

ಎರಡು ಮರಿಗಳೂ ಬದುಕಿದವು. ಒಂದು ಹಸಿರು, ಒಂದು ಆಕಾಶದ ಬಣ್ಣ. ಅವು ಕುಡಿಕೆಯಿಂದ ತಲೆ ಹೊರಗೆ ಹಾಕಿದ ದಿನ ಅತ್ತೆ ದೇವಸ್ಥಾನಕ್ಕೆ ಹೋಗುವ ಮೊದಲೇ ಅಂಗಡಿಗೆ ಬಂದಿದ್ದರು. ಅವನ್ನು ಮಾರಬಾರದು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮಾರಲಿಲ್ಲ.

ಇಲಿಗಳು ಬರುತ್ತಲೇ ಇದ್ದವು. ಇಲಿ ನಿಲ್ಲುವುದಿಲ್ಲ, ದಾರಿಯನ್ನು ಮಾತ್ರ ನಿಲ್ಲಿಸಬಹುದು. ಎಂಬತ್ತರ ದಶಕದ ನಡುವಿನವರೆಗೆ, ನಾವು ಮಣಿಪಾಲಕ್ಕೆ ಮನೆ ಬದಲಾಯಿಸಿ ಅಂಗಡಿ ಬಿಡುವವರೆಗೆ, ವರ್ಷವೂ ತೆನೆ ಬಂತು. ಒಂದು ಕಟ್ಟು ಹೊರಬಾಗಿಲಿನ ಚೌಕಟ್ಟಿಗೆ, ಒಂದು ಡಬ್ಬದೊಳಗೆ. ಕೊನೆಯ ವರ್ಷ ಅತ್ತೆಯ ಬೆರಳುಗಳು ನಾರನ್ನು ತಿರುಚುವಷ್ಟು ಬಗ್ಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ತೆನೆಯನ್ನು ಎಲೆಯೊಳಗೆ ಜೋಡಿಸಿ ನನ್ನ ಕೈಗೆ ಕೊಟ್ಟರು. ನಾನು ಅವರ ಕ್ರಮದಲ್ಲೇ ತಿರುಚಿ ಸಿಕ್ಕಿಸಲು ನೋಡಿದೆ. ಎರಡು ಸಲ ಜಾರಿತು.

"ನಿನ್ನ ಶಾಲೆಯದ್ದೇ ಹಾಕು" ಎಂದರು. "ಬಿಚ್ಚಬೇಕಾಗಿ ಬಂದರೆ ಸುಲಭ."

ಎರಡು ಕಿವಿ ಬಿಟ್ಟು, ಸಮ ಮಾಡಿ, ಕಟ್ಟಿದೆ.